ಅಗ್ಗದ ಚಳಿಗಾಲದ ಟೈರು: ಬೆಲೆ ಎಷ್ಟು, ಹಿಡಿತ ಎಷ್ಟು?

ಮಳೆಗಾಲ ಬಂದಿತೆಂದರೆ ನಾವು ಅಟ್ಟದ ಮೇಲಿನ ಕೊಡೆಯನ್ನು ಕೆಳಗಿಳಿಸುತ್ತೇವೆ. ಉತ್ತರ ಯೂರೋಪು, ಕೆನಡಾ ಮುಂತಾದ ಶೀತದೇಶಗಳಲ್ಲಿ ಕಾರುಳ್ಳವರು ಹಿಮ ಬೀಳುವ ಮುನ್ನ ತಮ್ಮ ವಾಹನದ ಟೈರುಗಳನ್ನೇ ಬದಲಾಯಿಸುತ್ತಾರೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ೨೦೦೮ರಿಂದ ಇದು ಕಾನೂನಿನ ಕಟ್ಟಳೆ. ಜರ್ಮನಿಯಲ್ಲಿಯೂ ೨೦೧೦ರಲ್ಲಿ ಸ್ಪಷ್ಟವಾದ ನಿಯಮ ಬಂದಿತು. ವ್ಯಾಸಂಗಕ್ಕೆಂದು ಅಲ್ಲಿಗೆ ಹೋಗಿ ಹಳೆಯ ಕಾರೊಂದನ್ನು ಕೊಂಡ ನಮ್ಮ ವಿದ್ಯಾರ್ಥಿಗೆ ಆಗ ಒಂದು ಪ್ರಶ್ನೆ ಎದುರಾಗುತ್ತದೆ: ಹೆಸರಾಂತ ಟೈರನ್ನು ಬಿಟ್ಟು, ಬಹಳ ಕಡಮೆ ಬೆಲೆಯದನ್ನು ಕೊಳ್ಳಬಹುದೆ? ಉತ್ತರವನ್ನು ಭೌತಶಾಸ್ತ್ರದಿಂದಲೇ ಪಡೆಯಲು ಯತ್ನಿಸೋಣ.

ಚಳಿಗಾಲಕ್ಕೆ ಬೇರೆ ಟೈರು ಏತಕ್ಕೆ? ರಬ್ಬರು ಉದ್ದುದ್ದನೆಯ ಸರಪಳಿಯಂತಹ ಅಣುಗಳಿಂದಾದುದು. ಅಣುಗಳು ಸರಾಗವಾಗಿ ಅಲುಗಾಡುತ್ತಿರುವವರೆಗೆ ಅದು ಮೃದುವಾಗಿದ್ದು, ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಒತ್ತಿಕೊಂಡು ಹಿಡಿತವನ್ನು ಪಡೆಯುತ್ತದೆ. ಉಷ್ಣತೆ ಇಳಿದಂತೆಲ್ಲ ಈ ಚಲನೆ ಕುಂದಿ, ರಬ್ಬರು ಬಿರುಸಾಗುತ್ತ ಹೋಗಿ, ಕಟ್ಟಕಡೆಗೆ ಗಾಜಿನಂತೆ ಪೆಡಸಾಗುತ್ತದೆ. ಬೇಸಗೆಯ ಟೈರು ಸುಮಾರು ೭ ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ತನ್ನ ಗುಣವನ್ನು ಕಳೆದುಕೊಳ್ಳತೊಡಗುತ್ತದೆಂಬುದು ವಾಡಿಕೆಯ ಲೆಕ್ಕ. ಚಳಿಯಲ್ಲಿಯೂ ಮೃದುವಾಗಿಯೇ ಉಳಿಯುವ ಮಿಶ್ರಣದಿಂದ ಮಾಡಿದುದೇ ಚಳಿಗಾಲದ ಟೈರು. ಫಿನ್ಲೆಂಡಿನಲ್ಲಿ ೧೯೩೪ರಲ್ಲಿ ಲಾರಿಗಳಿಗಾಗಿಯೂ, ೧೯೩೬ರಲ್ಲಿ ‘ಹಕ್ಕಪೆಲಿಟ್ಟ’ ಎಂಬ ಹೆಸರಿನಿಂದ ಕಾರುಗಳಿಗಾಗಿಯೂ ಇಂತಹ ಟೈರುಗಳು ಹೊರಬಂದವು.

ಮೃದುತ್ವವೊಂದೇ ಸಾಲದು, ರೂಪವೂ ಬೇಕು. ಟೈರಿನ ಅಗಲವಾದ ತೋಡುಗಳಲ್ಲಿ ಹಿಮ ತುಂಬಿ ಅದುಮಿಕೊಳ್ಳುತ್ತದೆ. ಹಿಮವು ಹಿಮಕ್ಕೆ ಚೆನ್ನಾಗಿ ಅಂಟಿಕೊಳ್ಳುವುದರಿಂದ ಚಕ್ರಕ್ಕೆ ಆಸರೆ ದೊರೆಯುತ್ತದೆ. ಮಂಜುಗಡ್ಡೆಯ ಮೇಲಾದರೋ ತೆಳ್ಳನೆಯ ನೀರಿನ ಪೊರೆಯೇ ಶತ್ರು. ರಬ್ಬರಿನಲ್ಲಿ ಕೊಯ್ದಿರುವ ಸಾವಿರಾರು ಸಣ್ಣ ಸೀಳುಗಳು ಆ ನೀರನ್ನು ಒರೆಸಿ, ತಮ್ಮ ಅಂಚುಗಳಿಂದ ಗಡ್ಡೆಯನ್ನು ಕಚ್ಚಿ ಹಿಡಿಯುತ್ತವೆ.

ಇನ್ನು ಅಗ್ಗದ ಟೈರಿನ ವಿಚಾರ. ತೋಡುಗಳ ವಿನ್ಯಾಸವನ್ನು ಅನುಕರಿಸುವುದು ಅಷ್ಟೇನೂ ಕಷ್ಟವಲ್ಲ. ಮಿಶ್ರಣವನ್ನು ಮೃದುಗೊಳಿಸುವುದೂ ಅಸಾಧ್ಯವಲ್ಲ. ಆದುದರಿಂದ ಅನೇಕ ಅಗ್ಗದ ಟೈರುಗಳು ಹಿಮದ ಮೇಲೆ ತಕ್ಕಮಟ್ಟಿಗೆ ನಡೆದುಕೊಳ್ಳುತ್ತವೆ. ಅವುಗಳ ಕುಂದು ಸಾಮಾನ್ಯವಾಗಿ ಬೆಳಕಿಗೆ ಬರುವುದು ಒದ್ದೆಯಾದ ಬರಿಯ ರಸ್ತೆಯ ಮೇಲೆ. ಒದ್ದೆ ನೆಲದಲ್ಲಿ ಹಿಡಿತ ಹೆಚ್ಚಬೇಕಾದರೆ, ರಬ್ಬರು ಕ್ಷಣಕ್ಷಣಕ್ಕೂ ಅದುಮಿ ಬಿಡುವಾಗ ಶಕ್ತಿಯನ್ನು ಶಾಖವಾಗಿ ಹೀರಿಕೊಳ್ಳಬೇಕು. ಆದರೆ ಚಳಿಗೆ ಹೊಂದಿಕೊಂಡ ರಬ್ಬರಿನಲ್ಲಿ ಈ ಗುಣವೇ ಕಡಮೆ. ಇವೆರಡನ್ನೂ ಒಂದುಗೂಡಿಸಲು ಮಿಶ್ರಣಕ್ಕೆ ಇಂಗಾಲದ ಕಪ್ಪು ಪುಡಿಯ ಬದಲು, ಮರಳಿನ ಜಾತಿಗೆ ಸೇರಿದ ಸಿಲಿಕಾ ಪುಡಿಯನ್ನು ಬೆರೆಸುತ್ತಾರೆ. ೧೯೯೨ರಲ್ಲಿ ಮಿಶಲಿನ್ ಕಂಪನಿ ಇದನ್ನು ಕಾರಿನ ಟೈರುಗಳಲ್ಲಿ ಬಳಕೆಗೆ ತಂದಿತು. ಸಿಲಿಕಾ ತಾನಾಗಿ ರಬ್ಬರಿನೊಡನೆ ಬೆರೆಯದು. ಅದನ್ನು ಬೆಸೆಯಲು ವಿಶೇಷ ರಾಸಾಯನಿಕವೂ, ಎಚ್ಚರಿಕೆಯಿಂದ ಉಷ್ಣತೆಯನ್ನು ಕಾಯುವ ಕ್ರಮವೂ ಬೇಕು. ಬೆಲೆಯ ಒಂದು ಭಾಗ ಸಲ್ಲುವುದು ಇದಕ್ಕೇ.

ಹಿಡಿತ ಕೊಂಚ ಕಡಮೆಯಾದರೆ ಏನಾಗುತ್ತದೆ? ಕಾರು ನಿಲ್ಲಲು ಬೇಕಾದ ದೂರವನ್ನು ಕಾಣಲು, ವೇಗದ ವರ್ಗವನ್ನು ಘರ್ಷಣಗುಣಾಂಕ ಮತ್ತು ಗುರುತ್ವದ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಬೇಕು. ಹಿಮದ ಮೇಲೆ ಒಂದು ಟೈರಿನ ಗುಣಾಂಕ ೦.೩, ಇನ್ನೊಂದರದು ೦.೨ ಎಂದಿಟ್ಟುಕೊಳ್ಳೋಣ. ವೇಗ ಗಂಟೆಗೆ ೫೦ ಕಿಲೊಮೀಟರು, ಎಂದರೆ ಸೆಕೆಂಡಿಗೆ ೧೩.೯ ಮೀಟರು. ಮೊದಲನೆಯದು ಸುಮಾರು ೩೩ ಮೀಟರಿನಲ್ಲಿ ನಿಲ್ಲುತ್ತದೆ. ಎರಡನೆಯದಕ್ಕೆ ೪೯ ಮೀಟರು ಬೇಕು. ಮೊದಲನೆಯದು ನಿಂತ ಸ್ಥಳದಲ್ಲಿ ಎರಡನೆಯ ಕಾರು ಇನ್ನೂ ಗಂಟೆಗೆ ಸುಮಾರು ೨೯ ಕಿಲೊಮೀಟರು ವೇಗದಿಂದ ಧಾವಿಸುತ್ತಿರುತ್ತದೆ! ಅಲ್ಲಿ ರಸ್ತೆ ದಾಟುತ್ತಿರುವ ಮಗುವೊಂದಿದ್ದರೆ, ಈ ಲೆಕ್ಕದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಕೊಳ್ಳುವವನು ಪರೀಕ್ಷಿಸಬೇಕಾದುದೇನು? ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿಹ್ನೆಯನ್ನು ನೋಡಬೇಕು. ಹಿಮದ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಗೊತ್ತಾದ ಮಟ್ಟವನ್ನು ಮುಟ್ಟಿದ ಟೈರಿಗೆ ಮಾತ್ರ ಅದು ದೊರೆಯುತ್ತದೆ. ಆದರೆ ಇದು ಉತ್ತೀರ್ಣತೆಯ ಗುರುತೇ ಹೊರತು, ಪ್ರಥಮ ದರ್ಜೆಯ ಗುರುತಲ್ಲ. ಒದ್ದೆ ರಸ್ತೆಯ ವಿಚಾರವನ್ನಂತೂ ಅದು ಹೇಳುವುದೇ ಇಲ್ಲ. ಅದಕ್ಕಾಗಿ ಯೂರೋಪಿನ ಒಕ್ಕೂಟದಲ್ಲಿ ಮಾರುವ ಟೈರಿನ ಚೀಟಿಯನ್ನು ಓದಬೇಕು. ೨೦೨೧ರ ಮೇ ತಿಂಗಳಿಂದ ಜಾರಿಗೆ ಬಂದ ಕ್ರಮದಂತೆ, ಒದ್ದೆ ರಸ್ತೆಯ ಹಿಡಿತಕ್ಕೆ ‘ಎ’ಯಿಂದ ‘ಇ’ವರೆಗೆ ಐದು ದರ್ಜೆಗಳನ್ನು ಅದರಲ್ಲಿ ನಮೂದಿಸುತ್ತಾರೆ. ತಯಾರಾದ ಕಾಲವೂ ಟೈರಿನ ಮೇಲೆಯೇ ಇರುತ್ತದೆ: ೩೫೨೩ ಎಂಬ ನಾಲ್ಕಂಕಿಗಳಿದ್ದರೆ, ೨೦೨೩ನೆಯ ವರ್ಷದ ೩೫ನೆಯ ವಾರ ಎಂದರ್ಥ. ರಬ್ಬರು ವಯಸ್ಸಾದಂತೆ ಬಿರುಸಾಗುವುದರಿಂದ ಇದು ಮುಖ್ಯ. ತೋಡುಗಳ ಆಳ ೪ ಮಿಲಿಮೀಟರಿಗಿಂತ ಕಡಮೆಯಾದರೆ ಹಿಮದಲ್ಲಿ ಅವುಗಳ ಉಪಯೋಗ ಬಹಳ ಕುಗ್ಗುತ್ತದೆ. ಆದುದರಿಂದ ಸವೆದ ದುಬಾರಿ ಟೈರಿಗಿಂತ, ಒಳ್ಳೆಯ ದರ್ಜೆಯ ಹೊಸ ಅಗ್ಗದ ಟೈರೇ ಲೇಸಾಗಬಹುದು. ನಾಲ್ಕು ಚಕ್ರಗಳಿಗೂ ಒಂದೇ ಬಗೆಯದನ್ನು ತೊಡಿಸುವುದು ಅವಶ್ಯ.

ಖರ್ಚಿನ ಮಾತಿಗೂ ಒಂದು ಸಮಾಧಾನವುಂಟು. ಚಳಿಗಾಲದ ಟೈರು ಓಡುವಾಗ ಬೇಸಗೆಯದು ವಿಶ್ರಮಿಸುತ್ತದೆ. ಎರಡು ಜೊತೆಗಳನ್ನು ಕೊಂಡರೂ, ಸವೆತದ ಲೆಕ್ಕದಲ್ಲಿ ವೆಚ್ಚ ಇಮ್ಮಡಿಯಾಗುವುದಿಲ್ಲ.

ಕೊನೆಯದಾಗಿ, ಅದೇ ಸೂತ್ರದಿಂದ ಇನ್ನೊಂದು ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು. ೦.೨ ಗುಣಾಂಕದ ಟೈರುಳ್ಳ ಕಾರನ್ನು ಗಂಟೆಗೆ ೫೦ರ ಬದಲು ೪೦ ಕಿಲೊಮೀಟರು ವೇಗದಲ್ಲಿ ನಡೆಸಿದರೆ, ಅದು ೩೨ ಮೀಟರಿನೊಳಗೆ ನಿಲ್ಲುತ್ತದೆ. ಎಂದರೆ ಉತ್ತಮ ಟೈರಿನ ಕಾರಿಗಿಂತಲೂ ತುಸು ಮೊದಲೇ. ಹಣ ತೆತ್ತು ಪಡೆಯಲಾಗದ ಹಿಡಿತದ ಕೊರತೆಯನ್ನು ವೇಗ ತಗ್ಗಿಸಿ ತುಂಬಿಕೊಳ್ಳಬಹುದು. ಅಗ್ಗದ ಟೈರನ್ನು ಕೊಂಡವನು ಉಳಿಸಿದ ಹಣಕ್ಕೆ ಪ್ರತಿಯಾಗಿ, ಪ್ರತಿದಿನವೂ ರಸ್ತೆಯ ಮೇಲೆ ಕೊಂಚ ಹೆಚ್ಚಿನ ಕಾಲವನ್ನು ತೆರಲು ಸಿದ್ಧನಿರಬೇಕು.