ಮರೆವಿನ ಕಾಯಿಲೆ: ಆರೈಕೆ ಕೇಂದ್ರದ ಹಣಕ್ಕೆ ಸಹಿ ಯಾರದು?

ಡಿಮೆನ್ಷಿಯಾ ಪೀಡಿತ ಹಿರಿಯರಿಗೆ ಆರೈಕೆ ಕೇಂದ್ರವನ್ನು ಆಯ್ಕೆ ಮಾಡುವಾಗ ಕಟ್ಟಡದ ಅಂದಕ್ಕಿಂತ ಒಪ್ಪಂದ ಪತ್ರವನ್ನು ಪರಿಶೀಲಿಸುವುದು ಲೇಸು. ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಇರುತ್ತಾರೆ? ರೋಗಿ ಹಾಸಿಗೆ ಹಿಡಿದ ಮೇಲೂ ಇರಿಸಿಕೊಳ್ಳುವರೇ? ಠೇವಣಿ ಯಾವಾಗ ಮರಳುತ್ತದೆ? ಉತ್ತರಗಳು ಬರಹದಲ್ಲಿರಲಿ. ಸಂಜೆಯ ಹೊತ್ತೂ ಒಮ್ಮೆ ಭೇಟಿ ಕೊಡಿ; ಅನೇಕ ರೋಗಿಗಳ ಚಡಪಡಿಕೆ ಹೆಚ್ಚುವುದು ಆಗಲೇ.

ಇನ್ನು ಹಣ. ಅಂಗಡಿ, ಬ್ಯಾಂಕ್ ಖಾತೆ ಎಲ್ಲವೂ ತಂದೆಯವರೊಬ್ಬರ ಹೆಸರಿನಲ್ಲಿರುವುದು ನಮ್ಮ ವರ್ತಕರಲ್ಲಿ ಸಾಮಾನ್ಯ. ‘ಪವರ್ ಆಫ್ ಅಟಾರ್ನಿ ಇದೆಯಲ್ಲ’ ಎಂಬ ಧೈರ್ಯ ಸಲ್ಲದು. 1872ರ ಭಾರತೀಯ ಕರಾರು ಅಧಿನಿಯಮದ 201ನೇ ಪ್ರಕರಣದಂತೆ, ಅಧಿಕಾರ ಕೊಟ್ಟವರು ಅಸ್ವಸ್ಥಚಿತ್ತರಾದರೆ ಸಾಮಾನ್ಯವಾಗಿ ಆ ಅಧಿಕಾರವೂ ಕೊನೆಗೊಳ್ಳುತ್ತದೆ. ಆಮೇಲೆ ಉಳಿಯುವುದು ನ್ಯಾಯಾಲಯದ ದಾರಿ. ಆದ್ದರಿಂದ ರೋಗದ ಆರಂಭದಲ್ಲೇ, ಅವರಿಗೆ ವ್ಯವಹಾರ ತಿಳಿಯುತ್ತಿರುವಾಗಲೇ, ಅವರ ಸಮ್ಮತಿಯಿಂದ ಜಂಟಿ ಖಾತೆ, ಪಾಲುದಾರಿಕೆ ಪತ್ರಗಳನ್ನು ಮಾಡಿಸಿಕೊಳ್ಳತಕ್ಕದ್ದು. ಸಹಿಯ ದಿನವೇ ವೈದ್ಯರ ಪ್ರಮಾಣಪತ್ರವನ್ನೂ ಪಡೆದಿಡಿ. ಒಡಹುಟ್ಟಿದವರ ತಕರಾರು ಏಳುವುದು ಅಲ್ಲಿಯೇ.