ಓಡುವ ಮೋಟಾರಿನ ಲೆಕ್ಕ

ಆಂಧ್ರದ ಸಿ. ಬೆಳಗಲ್ ಸುತ್ತಲಿನ ಹೊಲಗಳಲ್ಲಿ ಮೋಟಾರ್ ರಿಪೇರಿ ಮಾಡಿಕೊಂಡು ಬಂದವನು ನಾನು. ತುಂಗಭದ್ರೆ ಹತ್ತಿರದಲ್ಲೇ ಹರಿದರೂ ಕಾಲುವೆ ನೀರು ಮುಟ್ಟದ ಹೊಲಗಳಿಗೆ ಬೋರೇ ಗತಿ. ಹತ್ತಿ, ಮೆಣಸಿನಕಾಯಿ ಹೊಲದಲ್ಲಿ ನಿಂತಿರುವಾಗ ಮೋಟಾರ್ ಸುಟ್ಟರೆ ಕಾಯಿಲ್ ಸುತ್ತಿಸುವ ಖರ್ಚು, ಪೈಪು ಎತ್ತಿ ಇಳಿಸುವ ಕೂಲಿ ಎರಡೂ ಮೈಮೇಲೆ ಬರುತ್ತವೆ; ಅಷ್ಟರಲ್ಲಿ ಬೆಳೆ ಬಾಡಿರುತ್ತದೆ. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠವೆಂದರೆ, ವೋಲ್ಟೇಜು, ಆಂಪಿಯರು ಎರಡನ್ನೂ ಮೋಟಾರ್ ಓಡುತ್ತಿರುವಾಗಲೇ ಅಳೆಯಬೇಕು. ನಿಂತ ಮೋಟಾರಿಗೆ ಮೀಟರ್ ಹಚ್ಚಿ ನೋಡಿದ ಓಮ್ ಅರ್ಧ ಸುದ್ದಿಯನ್ನೂ ಹೇಳುವುದಿಲ್ಲ.

ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ವ್ಯಾಟ್ ಎಂದು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ನೀರು ಕಾಯಿಸುವ ರಾಡಿಗೆ ಈ ಲೆಕ್ಕ ಹಾಗೇ ಒಪ್ಪುತ್ತದೆ. 1500 ವ್ಯಾಟಿನ ರಾಡು 230 ವೋಲ್ಟಿಗೆ ಸುಮಾರು 6.5 ಆಂಪಿಯರ್ ಎಳೆಯುತ್ತದೆ, ರೋಧ 35 ಓಮ್. ವೋಲ್ಟೇಜು 180ಕ್ಕೆ ಬಿದ್ದರೆ 5 ಆಂಪಿಯರ್ ಚಿಲ್ಲರೆ, ಶಕ್ತಿ 900 ವ್ಯಾಟಿನ ಆಸುಪಾಸು. ನೀರು ತಡವಾಗಿ ಕಾಯುತ್ತದೆ, ರಾಡಿಗೆ ಏನೂ ಆಗುವುದಿಲ್ಲ.

ಮೋಟಾರ್ ಹಾಗಲ್ಲ. 5 ಎಚ್‌ಪಿ ತ್ರೀ ಫೇಸ್ ಮೋಟಾರ್ 415 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತಿದೆ ಎನ್ನಿ. ಭಾಗಿಸಿದರೆ ನಲವತ್ತಕ್ಕೂ ಹೆಚ್ಚು ಓಮ್ ಬರುತ್ತದೆ. ಅದೇ ಮೋಟಾರಿನ ವೈಂಡಿಂಗಿಗೆ ಮೀಟರ್ ಹಚ್ಚಿದರೆ ಮೂರ್ನಾಲ್ಕು ಓಮ್ ಅಷ್ಟೇ. ಓಡುವ ಮೋಟಾರು ಹೊರಗಿನಿಂದ ಬರುವ ವೋಲ್ಟೇಜಿಗೆ ಒಳಗಿನಿಂದಲೇ ಎದುರು ಒತ್ತುತ್ತದೆ. ತಿರುಗುವುದು ನಿಂತರೆ ಆ ಒತ್ತು ಬಹಳ ಕುಗ್ಗುತ್ತದೆ. ಮರಳು ಸಿಕ್ಕಿ ಪಂಪು ಹಿಡಿದುಕೊಂಡಾಗ ಕರೆಂಟು ಐದಾರು ಪಟ್ಟು ಏರುವುದು ಅದಕ್ಕೇ. ಎಳೆಯುವ ಶಕ್ತಿ ಲೆಕ್ಕ ಹಾಕುವಾಗಲೂ ಬರೀ ಗುಣಾಕಾರ ಸಾಲದು. 415ನ್ನು 10ರಿಂದ, ತ್ರೀ ಫೇಸ್ ಆದ್ದರಿಂದ 1.732ರಿಂದ, ನಿಜವಾಗಿ ಕೆಲಸಕ್ಕೆ ಬರುವ ಪಾಲು, ಅಂದರೆ ಪವರ್ ಫ್ಯಾಕ್ಟರ್, 0.8 ಇದ್ದರೆ ಅದರಿಂದಲೂ ಗುಣಿಸಬೇಕು: ಸುಮಾರು 5750 ವ್ಯಾಟ್.

ವೋಲ್ಟೇಜು ಬಿದ್ದಾಗ ಮೋಟಾರು ರಾಡಿನಂತೆ ಸುಮ್ಮನೆ ಕಡಿಮೆ ಕೆಲಸ ಮಾಡುವುದಿಲ್ಲ. ಮೇಲೆತ್ತಬೇಕಾದ ನೀರಿನ ಭಾರ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಕರೆಂಟು ಜಾಸ್ತಿ ಎಳೆಯುತ್ತದೆ. 340 ವೋಲ್ಟಿಗೆ 12 ಆಂಪಿಯರ್ ದಾಟಿತೆಂದರೆ, ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ, ವೈಂಡಿಂಗಿನ ಕಾವು ಒಂದೂವರೆ ಪಟ್ಟಾಗುತ್ತದೆ. ಈ ವರ್ಗದ ಲೆಕ್ಕ ವಿಜ್ಞಾನಿ ಜೌಲ್ 1841ರಲ್ಲೇ ಹೇಳಿದ್ದು.

ಒಂದು ಮೆಣಸಿನಕಾಯಿ ಹೊಲದಲ್ಲಿ ಮೋಟಾರು ಮತ್ತೆ ಮತ್ತೆ ಸುಡುತ್ತಿತ್ತು. “ಯಾವ ಗಳಿಗ್ಯಾಗ ಬೋರ್ ಹಾಕಿಸಿದೆನೋ ತಮ್ಮಾ, ಎಷ್ಟು ಸುತ್ತಿಸಿದ್ರೂ ನಿಲ್ಲವಲ್ದು” ಎಂದು ಹೊಲದ ಹಿರಿಯ ಕೈಚೆಲ್ಲಿ ಕೂತಿದ್ದ. “ಗಳಿಗೆ ಬ್ಯಾಡಣ್ಣಾ, ವೈರು ನೋಡೋಣ” ಅಂದೆ. ಸ್ಟಾರ್ಟರ್ ಹತ್ತಿರ 390 ವೋಲ್ಟ್ ಇತ್ತು, ಬೋರ್ ಬಾಯಲ್ಲಿ 355. ವೈರನ್ನು ಸುತ್ತ ಹಿಡಿದು ಕರೆಂಟು ಅಳೆಯುವ ಟಾಂಗ್ ಟೆಸ್ಟರ್ 12 ಆಂಪಿಯರ್ ತೋರಿಸಿತು. ನಡುವೆ ಇನ್ನೂರು ಮೀಟರ್ ಉದ್ದದ 2.5 ಚದರ ಮಿ.ಮೀ. ತಾಮ್ರದ ವೈರು. ಅಷ್ಟು ಉದ್ದಕ್ಕೆ ಒಂದೊಂದು ಎಳೆಯ ರೋಧ ಸುಮಾರು ಒಂದೂವರೆ ಓಮ್. ಮೂರು ಎಳೆ ಸೇರಿ 600 ವ್ಯಾಟಿಗೂ ಹೆಚ್ಚು ಶಾಖ ದಾರಿಯಲ್ಲೇ ಹೋಗುತ್ತಿತ್ತು. ವೋಲ್ಟು, ಆಂಪಿಯರು, ರೋಧಗಳ ನಿಯಮವನ್ನು ಜಾರ್ಜ್ ಓಮ್ ಕಂಡುಕೊಂಡದ್ದೂ ಬೇರೆ ಬೇರೆ ಉದ್ದದ ತಂತಿಗಳನ್ನು ಜೋಡಿಸಿ ನೋಡಿಯೇ. ಆ ನಿಯಮದ ಪುಸ್ತಕ ಬಂದದ್ದು 1827ರಲ್ಲಿ.

ಆದರೆ ಮೋಟಾರ್ ಸುಟ್ಟದ್ದು ಬರೀ ಉದ್ದದಿಂದಲ್ಲ. ನಡುವೆ ಒಂದು ಕಡೆ ವೈರು ಹೊಸೆದು ಟೇಪು ಸುತ್ತಿದ ಜಾಯಿಂಟ್ ಇತ್ತು. ಕರೆಂಟು ತೆಗೆದು ಟೇಪು ಬಿಚ್ಚಿದರೆ ತಾಮ್ರ ಕಪ್ಪಾಗಿತ್ತು, ಪಕ್ಕದ ಪ್ಲಾಸ್ಟಿಕ್ ಗರಿಗರಿಯಾಗಿ ಒಡೆಯುತ್ತಿತ್ತು. ಮೀಟರಿನ ಓಮ್ ಸೆಟ್ಟಿಂಗಿನಲ್ಲಿ ಆ ಜಾಯಿಂಟ್ ಒಳ್ಳೆಯದೆಂದೇ ಕಾಣುತ್ತದೆ. ಅಷ್ಟು ಸಣ್ಣ ರೋಧ ಮೀಟರಿನ ಸ್ವಂತ ವೈರುಗಳಲ್ಲೇ ಮುಚ್ಚಿಹೋಗುತ್ತದೆ. ಮೋಟಾರ್ ಓಡಿಸಿ, ಜಾಯಿಂಟಿನ ಆಚೆ ಈಚೆ ವೋಲ್ಟ್ ನೋಡಿದಾಗ 2 ಬಂತು. 2ನ್ನು 12ರಿಂದ ಭಾಗಿಸಿದರೆ 0.17 ಓಮ್, 2ನ್ನು 12ರಿಂದ ಗುಣಿಸಿದರೆ 24 ವ್ಯಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯ ಶಾಖ ಅಷ್ಟೇ ಇರುತ್ತದೆ. ಅದನ್ನು ಹಗಲೆಲ್ಲ ಹೆಬ್ಬೆರಳಿನಷ್ಟು ಜಾಗದಲ್ಲಿ ಟೇಪು ಸುತ್ತಿ ಮುಚ್ಚಿಟ್ಟ ಹಾಗಾಗಿತ್ತು. ಕಾದು ಕಾದು ಜಾಯಿಂಟ್ ಬಿಟ್ಟಾಗ ಒಂದು ಫೇಸ್ ಹೋಗುತ್ತಿತ್ತು, ಉಳಿದೆರಡು ಫೇಸುಗಳು ಭಾರವೆಲ್ಲ ಹೊತ್ತು ವೈಂಡಿಂಗ್ ಸುಡುತ್ತಿದ್ದವು. ಕರೆಂಟು ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು, ಮೋಟಾರ್ ಪದೇ ಪದೇ ನಿಲ್ಲಬಾರದೆಂದು ಯಾರೋ ಪೂರ್ತಿ ಮೇಲಕ್ಕೆ ತಿರುಗಿಸಿಟ್ಟಿದ್ದರಿಂದ ಅದೂ ಕಾಪಾಡಲಿಲ್ಲ.

6 ಚದರ ಮಿ.ಮೀ. ವೈರು ಒಂದೇ ಉದ್ದಕ್ಕೆ, ಜಾಯಿಂಟ್ ಇಲ್ಲದೆ ಎಳೆಸಿದೆವು. ಬೋರ್ ಬಾಯಲ್ಲಿ ವೋಲ್ಟೇಜು 375 ದಾಟಿತು, ಕರೆಂಟು ಇಳಿಯಿತು. ವೈರಿನ ರೇಟು ಕೇಳಿ ಮೊದಲು ಹಿಂಜರಿದಿದ್ದ ಹಿರಿಯ ಈಗ ಮರುಮಾತಿಲ್ಲದೆ ದುಡ್ಡು ಕೊಟ್ಟ.

ನಮ್ಮ ಆಂಧ್ರದಲ್ಲಿ ಕೃಷಿಗೆ 2004ರಿಂದ ಉಚಿತ ಕರೆಂಟಿದೆ. ಬಿಲ್ಲು ಬಾರದ್ದರಿಂದ ವೈರಿನಲ್ಲಿ ಹೋಗುವ 600 ವ್ಯಾಟ್ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ನಾನು ಸ್ಟಾರ್ಟರ್ ಡಬ್ಬಿಯ ಒಳಬದಿಗೆ ಮೂರೂ ಫೇಸುಗಳ ವೋಲ್ಟು, ಆಂಪಿಯರು, ತಾರೀಖು ಬರೆದಿಡುತ್ತೇನೆ. 415 ವೋಲ್ಟ್ ಜೀವ ತೆಗೆಯುವ ಕರೆಂಟು, ಅಳೆಯುವ ಕೆಲಸ ತಿಳಿದವರಿಗೇ ಬಿಡಬೇಕು. ಬರೆದದ್ದನ್ನು ಓದಲು ಮಾತ್ರ ಯಾರಿಗಾದರೂ ಬರುತ್ತದೆ. ಮುಂದಿನ ಸಲ ಅಳೆದಾಗ ಒಂದು ಫೇಸ್ ಉಳಿದೆರಡಕ್ಕಿಂತ ಎರಡು ಆಂಪಿಯರ್ ಹೆಚ್ಚೋ ಕಡಿಮೆಯೋ ಇದ್ದರೆ ಅವತ್ತೇ ಮೋಟಾರ್ ನಿಲ್ಲಿಸಿ ಜಾಯಿಂಟು, ಫ್ಯೂಸು ನೋಡಬೇಕು.