ಅಭಿನಯ ಶಾರದೆ ಜಯಂತಿ

ಅಕ್ಕಂದಿರೇ, ಗೋಡೆಯ ಮೇಲೆ ಸಿನಿಮಾ ಪೋಸ್ಟರು ಇರುತ್ತದೆ. ಮೊದಲೆಲ್ಲ ನಾವು ಚಿತ್ರ ನೋಡಿ, "ಇವರು ಜಯಂತಿ" ಅನ್ನುತ್ತಿದ್ದೆವು. ಈಗ ಹೆಸರನ್ನೇ ಓದುತ್ತೇವೆ. ಜ-ಯಂ-ತಿ. ಮೂರೇ ಅಕ್ಷರ. ಈ ಹೆಸರಿನ ಹಿಂದಿನ ಕತೆ ತಿಳಿಯೋಣ ಬನ್ನಿ.

ಅವರು ಹುಟ್ಟಿದ್ದು 1945ರಲ್ಲಿ, ಬಳ್ಳಾರಿಯಲ್ಲಿ. ಮನೆಯವರು ಇಟ್ಟ ಹೆಸರು ಕಮಲಾ ಕುಮಾರಿ. ಚಿಕ್ಕಂದಿನಲ್ಲೇ ತಾಯಿಯ ಜೊತೆ ಮದರಾಸಿಗೆ ಹೋದರು. ಅಲ್ಲಿ ನೃತ್ಯ ಕಲಿತರು. ಆಗ ಕನ್ನಡ ಸಿನಿಮಾಗಳೂ ಹೆಚ್ಚಾಗಿ ಮದರಾಸಿನಲ್ಲೇ ತಯಾರಾಗುತ್ತಿದ್ದವು. ನಿರ್ದೇಶಕ ವೈ.ಆರ್. ಸ್ವಾಮಿ ಅವರು ಈ ಹುಡುಗಿಗೆ 'ಜೇನು ಗೂಡು' ಸಿನಿಮಾದಲ್ಲಿ ಪಾತ್ರ ಕೊಟ್ಟರು. ಜಯಂತಿ ಅಂತ ಹೊಸ ಹೆಸರೂ ಇಟ್ಟರು. ಆ ಸಿನಿಮಾ ಬಂದದ್ದು 1963ರಲ್ಲಿ.

1965ರಲ್ಲಿ 'ಮಿಸ್ ಲೀಲಾವತಿ' ಬಂತು. ಅದರಲ್ಲಿ ಜಯಂತಿ ಹೊಸ ಕಾಲದ ಹುಡುಗಿ. ಆಮೇಲೆ 'ಕಸ್ತೂರಿ ನಿವಾಸ', 'ಬಹದ್ದೂರ್ ಗಂಡು' ಹೀಗೆ ರಾಜ್‌ಕುಮಾರ್ ಅವರ ಜೊತೆ ಎಷ್ಟೋ ಸಿನಿಮಾ ಮಾಡಿದರು.

1973ರಲ್ಲಿ ಪುಟ್ಟಣ್ಣ ಕಣಗಾಲ್ ಅವರ 'ಎಡಕಲ್ಲು ಗುಡ್ಡದ ಮೇಲೆ' ಬಂತು. ಜಯಂತಿಯವರದು ಮಾಧವಿಯ ಪಾತ್ರ. ಮಾಧವಿಯ ಗಂಡ ಸೈನಿಕ. ಯುದ್ಧದಲ್ಲಿ ಪೆಟ್ಟು ಬಿದ್ದು ಅವನಿಗೆ ದಾಂಪತ್ಯ ಸುಖ ಇಲ್ಲದಾಯಿತು. ಮಾಧವಿಯ ಮನಸ್ಸು ಬೇರೊಬ್ಬನ ಕಡೆ ವಾಲಿತು. "ಇಂಥ ಹೆಂಗಸು ಉಂಟೇ?" ಅನ್ನುವವರು ನಮ್ಮಲ್ಲೂ ಇದ್ದಾರೆ. "ಪಾಪ, ಅವಳ ನೋವು ಕೇಳಿದವರು ಯಾರು?" ಅನ್ನುವವರೂ ಇದ್ದಾರೆ. ಇಂಥ ಪಾತ್ರ ಒಪ್ಪಿಕೊಳ್ಳಲು ಧೈರ್ಯ ಬೇಕು. ಜಯಂತಿ ಒಪ್ಪಿಕೊಂಡರು. ಹೆಣ್ಣಿಗೂ ಮನಸ್ಸಿದೆ, ಆಸೆಯಿದೆ ಅಂತ ತೋರಿಸಿದರು. ಆ ಪಾತ್ರಕ್ಕೆ ರಾಜ್ಯ ಸರ್ಕಾರದ ಶ್ರೇಷ್ಠ ನಟಿ ಪ್ರಶಸ್ತಿ ಬಂತು.

ವಯಸ್ಸಾಯಿತು ಅಂತ ಅವರು ಮೂಲೆ ಸೇರಲಿಲ್ಲ. 1986ರ 'ಆನಂದ್' ಸಿನಿಮಾದಲ್ಲಿ ಶಿವರಾಜ್‌ಕುಮಾರ್ ಅವರಿಗೆ ತಾಯಿಯಾದರು. ಅಪ್ಪನಿಗೆ ನಾಯಕಿಯಾಗಿದ್ದವರು ಮಗನಿಗೆ ಅಮ್ಮನಾದರು ನೋಡಿ! ಅದಕ್ಕೂ ಪ್ರಶಸ್ತಿ ಬಂತು. ತಮಿಳು, ತೆಲುಗು, ಮಲಯಾಳಂ, ಹಿಂದಿ ಸಿನಿಮಾಗಳಲ್ಲೂ ನಟಿಸಿದರು. ಜನ ಪ್ರೀತಿಯಿಂದ 'ಅಭಿನಯ ಶಾರದೆ' ಅಂದರು.

ಬಹಳ ವರ್ಷ ಅವರಿಗೆ ಉಬ್ಬಸದ ಕಾಯಿಲೆ ಇತ್ತು. 2021ರ ಜುಲೈ 26ರಂದು ನಮ್ಮ ಬನಶಂಕರಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಆಗ ಅವರಿಗೆ 76 ವರ್ಷ.

ಇಂದಿಗೂ ಟಿ.ವಿ.ಯಲ್ಲಿ ಅವರ ಹಳೇ ಸಿನಿಮಾ ಬರುತ್ತದೆ. ಬಂದಾಗ ಮೊದಲಿನಿಂದ ಕೂತು ನೋಡೋಣ. ಹೆಸರುಗಳು ಬೇಗ ಬೇಗ ಸರಿಯುತ್ತವೆ. ಒಂದನ್ನಾದರೂ ಓದಿ ಹಿಡಿಯೋಣ.

ಓದಿ, ಬರೆಯಿರಿ: ಜಯಂತಿ, ಮಾಧವಿ, ಬನಶಂಕರಿ, ಪ್ರಶಸ್ತಿ.

ಮಾತನಾಡೋಣ:
1. ಮಾಧವಿ ನಮ್ಮ ಪಕ್ಕದ ಮನೆಯವಳಾಗಿದ್ದರೆ ನಾವು ಏನು ಹೇಳುತ್ತಿದ್ದೆವು?
2. ವಯಸ್ಸಾದ ಮೇಲೆ ನೀವು ಹೊಸದಾಗಿ ಕಲಿತ ಕೆಲಸ ಯಾವುದು?